ಅಪ್ಪಚ್ಚ ಕವಿಯನ್ನು ಬಾಯಿಬಿಟ್ಟು ಓದಿ

ಜಮೈಕಾದಲ್ಲಿ ಲೂಯಿಸ್ ಬೆನೆಟ್ ಅಂತ ಒಬ್ಬರು ಕವಿ ಇದ್ದರು. ಜನರ ಬಾಯಲ್ಲಿ ಮಿಸ್ ಲೂ. 1919ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡರು. ಸಂತೆಯ ಹೆಂಗಸರು ಆಡುವ ಮಾತಲ್ಲೇ ಪದ್ಯ ಕಟ್ಟಿ, ವೇದಿಕೆ ಹತ್ತಿ ತಾವೇ ಹೇಳುತ್ತಿದ್ದರು. ಅದೊಂದು ಭಾಷೆಯಾ, ಕೆಟ್ಟ ಇಂಗ್ಲಿಷ್ ಅಷ್ಟೇ ಅಂತ ಮೂಗು ಮುರಿದವರೂ ಇದ್ದರು. ಯೂಟ್ಯೂಬಿನಲ್ಲಿ ಅವರ ದನಿ ಕೇಳಿದಾಗಲೆಲ್ಲ ನನಗೆ ನಮ್ಮ ಕೊಡಗಿನ ಹರದಾಸ ಅಪ್ಪಚ್ಚ ಕವಿ ನೆನಪಾಗುತ್ತಾರೆ.

1868ರಲ್ಲಿ ಕಿರುಂದಾಡಿನ ಅಪ್ಪನೆರವಂಡ ಮನೆತನದಲ್ಲಿ ಹುಟ್ಟಿದವರು. ಅವರಿಗಿಂತ ಮುಂಚೆ ಕೊಡವ ತಕ್ಕಿನಲ್ಲಿ ಹಾಡೇ ಇರಲಿಲ್ಲ ಅಂತಲ್ಲ. ಮದುವೆ, ಸಾವು, ಹುತ್ತರಿ ಎಲ್ಲಕ್ಕೂ ದುಡಿ ಬಾರಿಸಿ ಹಾಡುವ ಪಾಟುಗಳಿದ್ದವು. ನಡಿಕೇರಿಯಂಡ ಚಿಣ್ಣಪ್ಪ ಅವನ್ನು 'ಪಟ್ಟೋಲೆ ಪಳಮೆ'ಯಾಗಿ ಅಚ್ಚು ಹಾಕಿಸಿದ್ದು 1924ರಲ್ಲಿ. ಅಪ್ಪಚ್ಚ ಕವಿ 1906ರಲ್ಲೇ ಯಯಾತಿಯ ನಾಟಕ ಬರೆದಿದ್ದರು. 1908ರಲ್ಲಿ ಸಾವಿತ್ರಿ, ಸುಬ್ರಹ್ಮಣ್ಯ. 1918ರಲ್ಲಿ ಕಾವೇರಿ. ಒಟ್ಟು ನಾಲ್ಕೇ.

ನಾಲ್ಕೂ ಪುರಾಣ. ನನ್ನ ತಕರಾರು ಇರುವುದು ಇಲ್ಲೇ. ಮಿಸ್ ಲೂ ಪದ್ಯದಲ್ಲಿ ಬೀದಿ ಇದೆ, ಬಸ್ಸು ಇದೆ, ಜಗಳ ಇದೆ. ಪಾಟುಗಳಲ್ಲಿ ಊರಿನದೇ ವೀರರಿದ್ದರೂ ಅಪ್ಪಚ್ಚ ಕವಿ ಹಸ್ತಿನಾಪುರದ ಕಡೆಗೇ ಯಾಕೆ ಹೋದರು? ಆಗಿನ ಕಂಪನಿ ನಾಟಕಗಳ ಗಾಳಿ, ಹರಿಕಥೆಯ ಗಾಳಿ ಬೀಸಿದ್ದು ಹೌದು. ಅಷ್ಟೇ ಅಲ್ಲ ಅನಿಸುತ್ತದೆ. ಕಚೇರಿಗೆ ಕನ್ನಡ, ಸಾಹೇಬರಿಗೆ ಇಂಗ್ಲಿಷ್ ಇದ್ದ ಕಾಲ ಅದು. ಮನೆಯೊಳಗಿನ ಮಾತಿಗೆ ರಾಜರನ್ನೂ ದೇವರನ್ನೂ ಹೊರುವ ತಾಕತ್ತಿದೆ ಅಂತ ತೋರಿಸಬೇಕಿತ್ತು. ತೋರಿಸಿದರು ಕೂಡ. ಮಗನ ಹತ್ತಿರ ಯೌವನ ಕೇಳುವ ಯಯಾತಿ ಕೊಡವ ತಕ್ಕಿಗೆ ಬಂದ ಕೂಡಲೇ ನನಗೆ ಚಕ್ರವರ್ತಿಯಾಗಿ ಕಾಣುವುದಿಲ್ಲ, ಐನ್‌ಮನೆಯ ಕೈಯಾಲೆಯಲ್ಲಿ ಕೂತು ಚಿಕ್ಕವರ ಬದುಕನ್ನೇ ಕೇಳುವ ಹಿರಿಯನಾಗಿ ಕಾಣುತ್ತಾನೆ. ಒಕ್ಕದೊಳಗೆ ಬೆಳೆದವರಿಗೆ ಇದರ ಬಿಸಿ ಹೇಳಿಕೊಡಬೇಕಾಗಿಲ್ಲ.

'ಕಾವೇರಿ'ಗೆ ಬಂದರೆ ತಕರಾರು ಅರ್ಧ ಬಿದ್ದೇ ಹೋಗುತ್ತದೆ, ಯಾಕಂದ್ರೆ ಆ ಪುರಾಣ ನಡೆಯುವುದೇ ತಲಕಾವೇರಿಯಲ್ಲಿ.

ಕನ್ನಡ ಲಿಪಿಯ ತೊಡಕು ಇದ್ದೇ ಇದೆ. ಕೊಡವ ತಕ್ಕಿನ ಕೆಲವು ಸ್ವರಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ. ಪುಟದಲ್ಲಿ ಚಪ್ಪಟೆಯಾಗಿ ಕಾಣುವ ಸಾಲು ಬಾಯಲ್ಲಿ ಬೇರೆಯೇ ಆಗುತ್ತದೆ. ನನ್ನ ಮನೆಮಾತು ಅರೆಭಾಷೆ, ಕೊಡವ ತಕ್ಕ್ ಕಿವಿಯಿಂದ ಬಂದದ್ದು. ಕಣ್ಣಲ್ಲಿ ಓದಿದರೆ ಎಡವುತ್ತೇನೆ, ಗಟ್ಟಿಯಾಗಿ ಓದಿದರೆ ದಾರಿ ಸಿಗುತ್ತದೆ. 2011ರ ಜನಗಣತಿಯಲ್ಲಿ ಇದನ್ನು ಮಾತೃಭಾಷೆ ಅಂತ ಬರೆಸಿದವರು 1.13 ಲಕ್ಷದಷ್ಟು, ನಮ್ಮ ಒಂದು ಟೆಕ್ ಪಾರ್ಕಿನ ಸುತ್ತಮುತ್ತ ಇದಕ್ಕಿಂತ ಹೆಚ್ಚು ಜನ ಇರಬಹುದೇನೋ. ಅವರಲ್ಲೂ ಬೆಂಗಳೂರಿನ ಮಕ್ಕಳಿಗೆ ಮಾತು ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

'ಆದಿಕವಿ' ಅಂತ ಬಿರುದು ಕೊಟ್ಟು ಕೈಮುಗಿಯುವುದು ಸುಲಭ. ಇವರು ನಾಟಕದವರು, ಆಡಿಸಿದವರು. ನಾಲ್ವರು ಸೇರಿ, ಪಾತ್ರ ಹಂಚಿಕೊಂಡು, 'ಕಾವೇರಿ'ಯಿಂದ ಶುರುಮಾಡಿ. ಉಚ್ಚಾರಣೆ ತಿದ್ದಲಿಕ್ಕೆ ಮನೆಯ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.