ಅಡುಗೆಮನೆಗೂ ಕೇಳಿಸುವ ಹಾಡು

ಧಾರಾವಾಹಿಯ ಟೈಟಲ್ ಸಾಂಗ್ ಸವಿಯುವುದನ್ನು ಕಲಿಯಬೇಕೆಂದಿದ್ದರೆ ಮೊದಲ ಸಲ ಟೀವಿಯ ಮುಂದೆ ಕೂರಬೇಡಿ. ಪಕ್ಕದ ಕೋಣೆಗೆ ಹೋಗಿ. ಕೈಗೊಂದು ಕೆಲಸವಿರಲಿ, ಸೊಪ್ಪು ಸೋಸುವುದೋ ಬಟ್ಟೆ ಮಡಿಸುವುದೋ ಯಾವುದಾದರೂ ಸರಿ. ಈ ಸಂಗೀತ ಹುಟ್ಟಿದ್ದೇ ಅಂಥ ಕಿವಿಗಾಗಿ. ಸಿನಿಮಾಕ್ಕೆ ಬಂದವರು ಟಿಕೆಟ್ ಕೊಂಡು ಕತ್ತಲಲ್ಲಿ ಕೂತಿರುತ್ತಾರೆ, ಅವರನ್ನು ಯಾರೂ ಕರೆಯಬೇಕಾಗಿಲ್ಲ. ಟೀವಿ ನೋಡುವವರು ಹಾಗಲ್ಲ. ಒಬ್ಬರು ಹಿತ್ತಲಲ್ಲಿ, ಒಬ್ಬರು ಒಲೆಯ ಮುಂದೆ, ಮಕ್ಕಳು ಬೀದಿಯಲ್ಲಿ. ಅಲ್ಲಿಂದೆಲ್ಲ ಅವರನ್ನು ಎಬ್ಬಿಸಿ ತರುವ ಕೆಲಸ ಈ ಒಂದು ನಿಮಿಷದ ಸಂಗೀತದ್ದು.

ನಾನಿದನ್ನು ಕಲಿತದ್ದು ಅಮ್ಮನಿಂದ. ನಮ್ಮ ಬೀದಿಯಲ್ಲಿ ಆಗ ಒಂದೇ ಟೀವಿ, ಅದೂ ಎರಡು ಮನೆ ಆಚೆ. 'ಮಾಲ್ಗುಡಿ ಡೇಸ್'ನ ಆ 'ತಾನಾನ' ಗಾಳಿಯಲ್ಲಿ ತೇಲಿಬಂದ ಕೂಡಲೇ ಅಮ್ಮ, "ಓಡೋ, ಶುರುವಾಯ್ತು! ಸಾರಿಗೊಂದು ಒಗ್ಗರಣೆ ಹಾಕಿ ಬಂದೆ" ಅನ್ನುತ್ತಿದ್ದಳು. ಸಾಸಿವೆ ಸಿಡಿದು, ಕರಿಬೇವು ಬಿದ್ದು, ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವಳು ಅವರ ಮನೆಯ ಹೊಸ್ತಿಲು ದಾಟುವಾಗ ಹೆಸರುಗಳೆಲ್ಲ ಮುಗಿದು ಕಥೆ ಆಗಷ್ಟೇ ಶುರುವಾಗುತ್ತಿತ್ತು. ಎಷ್ಟು ಹೊತ್ತಿದೆ ಎಂಬ ಲೆಕ್ಕ ಅವಳಿಗೆ ಆ ರಾಗದಿಂದಲೇ ಗೊತ್ತಿತ್ತು.

ಅದೇ ಧಾರಾವಾಹಿಯಿಂದ ನೀವೂ ಶುರುಮಾಡಿ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ ದೂರದರ್ಶನಕ್ಕೆ ಕೊಟ್ಟದ್ದು 1980ರ ದಶಕದಲ್ಲಿ. ಸಂಗೀತ ಎಲ್. ವೈದ್ಯನಾಥನ್ ಅವರದು. ಪಿಟೀಲು ವಿದ್ವಾಂಸರ ಮನೆತನ, ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ಅವರ ಅಣ್ಣ. ಮಾತೇ ಇಲ್ಲದ 'ಪುಷ್ಪಕ ವಿಮಾನ'ಕ್ಕೆ ಸಂಗೀತ ಕೊಟ್ಟವರೂ ಇವರೇ. ಅದನ್ನು ನೆನಪಿಟ್ಟುಕೊಂಡು ಮಾಲ್ಗುಡಿಯ ರಾಗ ಕೇಳಿ. ಇಲ್ಲೂ ಮಾತಿಲ್ಲ, ಬರೀ ದನಿ. ಧಾರಾವಾಹಿ ತಯಾರಾದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ, ಕಥೆ ನಡೆಯುವುದು ದಕ್ಷಿಣದ ಪುಟ್ಟ ಊರಿನಲ್ಲಿ, ನೋಡುವವರು ದೇಶದ ತುಂಬ. ಯಾವ ಭಾಷೆಯಲ್ಲಿ ಹಾಡು ಬರೆಸಿದ್ದರೂ ಅರ್ಧ ಜನಕ್ಕೆ ಅದು ಪರಭಾಷೆಯ ಹಾಡೇ ಆಗುತ್ತಿತ್ತು. 'ತಾನಾನ' ಯಾರಿಗೂ ಪರಕೀಯವಲ್ಲ. ಶಾಲೆ ಬಿಟ್ಟ ಹುಡುಗ ಬೇಲಿಗೆ ಕೋಲು ತಾಗಿಸುತ್ತ ಮನೆಗೆ ನಡೆಯುವಾಗ ಗುನುಗುವುದು ಹೀಗೆಯೇ ಅಲ್ಲವೇ? ಆ ಕಥೆಗಳ ಪುಟ್ಟ ಹುಡುಗ ಸ್ವಾಮಿಯ ಮುಖ ಕಾಣುವ ಮೊದಲೇ ಅವನ ವಯಸ್ಸು ನಮಗೆ ಕೇಳಿಸಿಬಿಡುತ್ತದೆ.

ಈಗ ಟೀವಿಯ ಮುಂದೆ ಬನ್ನಿ, ಆದರೆ ಸದ್ದು ತೆಗೆದುಬಿಡಿ. ತೆರೆಯ ಮೇಲೆ ಬರುವುದು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು. ಆಗುಂಬೆಯಂಥ ಊರೇ ಕೈಯಲ್ಲಿದ್ದಾಗ ಶಂಕರ್ ನಾಗ್ ಮಳೆಯನ್ನೋ ಹೆಂಚಿನ ಮಾಡನ್ನೋ ಮೊದಲಿಗೇ ತೋರಿಸಬಹುದಿತ್ತು. ತೋರಿಸಲಿಲ್ಲ. ಮಾಲ್ಗುಡಿ ಯಾವ ಭೂಪಟದಲ್ಲೂ ಇಲ್ಲದ ಊರು, ಹಾಗಾಗಿ ಅದು ಮೊದಲು ಗೆರೆಯಾಗಿಯೇ ಕಾಣಬೇಕು. ಗೆರೆಗಳು ಮುಗಿದು ನಿಜವಾದ ಬೀದಿ, ನಿಜವಾದ ಜಗಲಿ ಕಾಣುವ ಆ ಒಂದು ಕ್ಷಣವನ್ನು ತಪ್ಪಿಸಿಕೊಳ್ಳಬೇಡಿ. ಪುಸ್ತಕದಲ್ಲಿದ್ದ ಊರು ಅಲ್ಲಿ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಇಡೀ ಧಾರಾವಾಹಿಯಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದು.

ಮೂರನೇ ಸಲ ಸದ್ದೂ ಚಿತ್ರವೂ ಜೊತೆಗಿರಲಿ. ಆಮೇಲೆ ಹತ್ತು ದಿನ ಬಿಡದೆ ಕೇಳಿ. ಸಿನಿಮಾ ಹಾಡು ಮೊದಲ ಸಲಕ್ಕೇ ಗೆಲ್ಲಬೇಕು, ಟೈಟಲ್ ಸಾಂಗ್ ನೂರನೇ ಸಲಕ್ಕೂ ಸೋಲಬಾರದು. ಮೊದಲ ದಿನ ಬೆರಗಾಗಿಸಿ ನಾಲ್ಕನೇ ದಿನ ತಲೆನೋವು ತರುವ ರಾಗಗಳು ಬೇಕಾದಷ್ಟಿವೆ. ಅಬ್ಬರ ಹೆಚ್ಚಾದಷ್ಟೂ ಬೇಗ ಹಳಸುತ್ತದೆ ಎಂಬುದು ನಾನು ಇಷ್ಟು ವರ್ಷ ಕೇಳಿ ಕಂಡುಕೊಂಡದ್ದು.

ಹಾಗಾದರೆ ಮಾತಿರುವ ಹಾಡು? ಅದಕ್ಕೆ ಕನ್ನಡದಷ್ಟು ಒಳ್ಳೆಯ ಪಾಠಶಾಲೆ ಬೇರೆ ಸಿಕ್ಕಲಾರದು, ಯಾಕೆಂದರೆ ನಮ್ಮಲ್ಲಿ ಧಾರಾವಾಹಿಗೆ ಕವಿಗಳೇ ಬರೆದರು, ಭಾವಗೀತೆಯವರೇ ರಾಗ ಹಾಕಿದರು. ಟಿ.ಎನ್. ಸೀತಾರಾಂ ಅವರ 'ಮುಕ್ತ'ಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಬರೆದದ್ದನ್ನು ಸಿ. ಅಶ್ವತ್ಥ್ ಸಂಗೀತದಲ್ಲಿ ಕೇಳಿ. ಕೋರ್ಟು, ಜಗಳ, ಸಂಸಾರ, ಕಥೆಯ ಒಂದು ಎಳೆಯೂ ಅದರಲ್ಲಿಲ್ಲ. ಅದು ಶುರುವಾಗುವುದು ಒಂದು ಮರದಿಂದ. ಕೊಡುವುದರಿಂದಲೇ ಬಿಡುಗಡೆ ಎಂಬ ಮಾತಿಗೆ ಪ್ರಕೃತಿಯನ್ನೇ ಸಾಕ್ಷಿಗೆ ಕರೆದು, ಧಾರಾವಾಹಿಯ ಹೆಸರಿಗೆ ಹೊಸ ಅರ್ಥ ತುಂಬುತ್ತದೆ. ಕಥೆಯ ಸಾರಾಂಶ ಹೇಳುವ ಹಾಡು ಕಥೆಯ ಜೊತೆಗೇ ಮುಗಿಯುತ್ತದೆ. ಈ ಹಾಡನ್ನು ಧಾರಾವಾಹಿ ನೋಡದವರೂ ಇವತ್ತು ಹಾಡುತ್ತಾರೆ.

ಈಚಿನವುಗಳಲ್ಲಿ ಅಮೆರಿಕದ 'ಗೇಮ್ ಆಫ್ ಥ್ರೋನ್ಸ್' ನೋಡಿ. ರಾಮಿನ್ ಜವಾದಿಯವರ ಚೆಲ್ಲೊ ರಾಗ ಎಲ್ಲರಿಗೂ ಗೊತ್ತು, ಅದರ ಭೂಪಟ ಕಂತಿನಿಂದ ಕಂತಿಗೆ ಬದಲಾಗುವುದನ್ನು ಗಮನಿಸಿದವರು ಕಡಿಮೆ. ಕಥೆ ಎಲ್ಲೆಲ್ಲಿಗೆ ಹೋಗುತ್ತದೋ ಆ ಊರುಗಳ ಕೋಟೆಗಳು ಅಲ್ಲಿ ಎದ್ದು ನಿಲ್ಲುತ್ತವೆ. ಟೈಟಲ್ ದಾಟಿಸುವ ಗುಂಡಿ ಒತ್ತಿದವರಿಗೆ ಅದು ಸಿಕ್ಕುವುದಿಲ್ಲ. ಆ ಗುಂಡಿಯ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ಜಾಹೀರಾತಿಗೆ ಜಾಗ ಮಾಡಲು ಹೆಸರುಗಳನ್ನು ಓದಲಾಗದಷ್ಟು ವೇಗವಾಗಿ ಓಡಿಸುವ ವಾಹಿನಿಗಳ ಬಗ್ಗೆಯೂ ಅಷ್ಟೇ. ಛಾಯಾಗ್ರಾಹಕ, ಸಂಕಲನಕಾರ, ಧ್ವನಿಗ್ರಹಣದವರು, ಇವರ ಹೆಸರು ಮನೆಯವರ ಕಣ್ಣಿಗೆ ಬೀಳುವುದು ಆ ಕೆಲವು ಸೆಕೆಂಡು ಮಾತ್ರ. ದಯವಿಟ್ಟು ಓದಿ.

ಇಷ್ಟು ಅಭ್ಯಾಸವಾದ ಮೇಲೆ ಶ್ಯಾಮ್ ಬೆನಗಲ್ ಅವರ 'ಭಾರತ್ ಏಕ್ ಖೋಜ್'ಗೆ ಬನ್ನಿ. 1988ರಲ್ಲಿ ಶುರುವಾದದ್ದು, ಒಟ್ಟು 53 ಕಂತು. ಅವಸರದಲ್ಲಿ ಕೇಳುವಂಥದ್ದಲ್ಲ. ವನರಾಜ್ ಭಾಟಿಯಾ ಋಗ್ವೇದದ ನಾಸದೀಯ ಸೂಕ್ತವನ್ನು ಎತ್ತಿಕೊಂಡು, ಸೃಷ್ಟಿಗೆ ಮುನ್ನ ಏನಿತ್ತು ಎಂಬ ಪ್ರಶ್ನೆಯನ್ನು ವೃಂದದ ಬಾಯಲ್ಲಿ ಕೇಳಿಸುತ್ತಾರೆ, ಸಂಸ್ಕೃತದಲ್ಲಿ, ಹಿಂದೆಯೇ ಹಿಂದಿಯಲ್ಲಿ. ಚರಿತ್ರೆ ಹೇಳಲು ಹೊರಟ ಧಾರಾವಾಹಿ ಪ್ರತಿ ವಾರವೂ ಮೊದಲು 'ಯಾರಿಗೆ ಗೊತ್ತು' ಎಂದುಕೊಂಡೇ ಬಾಯಿ ತೆರೆಯುತ್ತಿತ್ತು. ಕಂತು ಮುಗಿಯಿತೆಂದು ಏಳಬೇಡಿ, ಕೊನೆಯ ಹೆಸರುಗಳ ಜೊತೆಗೂ ಒಂದು ಹಾಡಿದೆ. ಅದು ಹಿರಣ್ಯಗರ್ಭ ಸೂಕ್ತದಿಂದ ಬಂದದ್ದು. ಅದೂ ಒಂದು ಪ್ರಶ್ನೆಯೇ.