ಗುಂಪಿಗೆ ಕಾಣದ ಡಬ್ಲಿನ್

ಪ್ರತಿ ಜೂನ್ 16ರಂದು ಡಬ್ಲಿನ್ ಬೀದಿಗಳಲ್ಲಿ ಹುಲ್ಲಿನ ಟೋಪಿ ತೊಟ್ಟ ಗೆಳೆಯರ ಗುಂಪುಗಳು ಸುತ್ತಾಡುತ್ತವೆ. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ನಡೆಯುವುದು 1904ರ ಅದೇ ದಿನ. ನಾಯಕ ಲಿಯೋಪೋಲ್ಡ್ ಬ್ಲೂಮ್ ನಡೆದ ದಾರಿಯಲ್ಲೇ ನಡೆದು, ಸ್ವೆನಿ ಅಂಗಡಿಯ ನಿಂಬೆ ಸೋಪು ಕೊಂಡು, ಡೇವಿ ಬರ್ನ್ಸ್ ಪಬ್ಬಿನಲ್ಲಿ ಚೀಸ್ ಸ್ಯಾಂಡ್‌ವಿಚ್ ತಿಂದು ಬರ್ಗಂಡಿ ಕುಡಿದರೆ ಕಾದಂಬರಿ ಒಲಿಯುತ್ತದೆಂಬ ನಂಬಿಕೆ ದೂರದೂರಕ್ಕೆ ಹಬ್ಬಿದೆ. ಬ್ಲೂಮ್ಸ್‌ಡೇ ಎಂಬ ಈ ಆಚರಣೆಗೆ ಸಿಕ್ಕಿರುವ ಸಾಹಿತ್ಯಿಕ ಮರ್ಯಾದೆ ಅದರ ಯೋಗ್ಯತೆಯನ್ನು ಮೀರಿದ್ದು.

ಪರಂಪರೆ ಶುರುವಾದದ್ದು 1954ರಲ್ಲಿ. ಫ್ಲಾನ್ ಓ’ಬ್ರಯನ್, ಕವಿ ಪ್ಯಾಟ್ರಿಕ್ ಕ್ಯಾವನಾ, ಆಂಥನಿ ಕ್ರೋನಿನ್, ಜಾನ್ ರಯನ್ ಮೊದಲಾದ ಗೆಳೆಯರು ಎರಡು ಕುದುರೆಗಾಡಿ ಗೊತ್ತುಮಾಡಿಕೊಂಡು ಹೊರಟರು. ಕ್ರೋನಿನ್‌ಗೆ ಕಾದಂಬರಿಯ ತರುಣ ಸ್ಟೀಫನ್‌ನ ಪಾತ್ರ, ಗುಂಪಿನ ಇನ್ನೊಬ್ಬ ಲೆವೆಂತಾಲ್‌ಗೆ ಬ್ಲೂಮ್‌ನ ಪಾತ್ರ. ಕಾದಂಬರಿಯ ದಾರಿಯನ್ನೆಲ್ಲ ಸುತ್ತುವ ಯೋಜನೆ ಡ್ಯೂಕ್ ಬೀದಿಯ ಬೇಯ್ಲಿ ಪಬ್ಬಿನಲ್ಲೇ ನಿಂತುಹೋಯಿತು. ಅವರ ಪ್ರೀತಿ ದೊಡ್ಡದು, ಅದಕ್ಕೆ ಗೌರವ ಸಲ್ಲಬೇಕು. ಆದರೆ ಒಂದು ತಪ್ಪು ಮಾದರಿಯೂ ಅಂದೇ ಹುಟ್ಟಿತು: ಎಲ್ಲರೂ ಒಟ್ಟಾಗಿ ಒಬ್ಬನ ಹಿಂದೆ ಹೋಗುವುದು.

1988ರಲ್ಲಿ ಶಿಲ್ಪಿ ರಾಬಿನ್ ಬ್ಯೂಯಿಕ್ ಮಾಡಿದ 14 ಕಂಚಿನ ಫಲಕಗಳನ್ನು ಮಿಡಲ್ ಆ್ಯಬಿ ಬೀದಿಯಿಂದ ಕಿಲ್ಡೇರ್ ಬೀದಿಯ ರಾಷ್ಟ್ರೀಯ ಮ್ಯೂಸಿಯಂವರೆಗೆ ಕಾಲುದಾರಿಯಲ್ಲಿ ಹುದುಗಿಸಿದ ಮೇಲೆ ಈ ಮಾದರಿ ನೆಲಕ್ಕೇ ಅಂಟಿಕೊಂಡಿತು. ಅವು ತೋರಿಸುವುದು ಎಂಟನೆಯ ಅಧ್ಯಾಯದ ದಾರಿಯನ್ನು. ಹಸಿದ ಬ್ಲೂಮ್ ಅಲ್ಲಿ ಒಬ್ಬನೇ ನಡೆಯುತ್ತಾನೆ. ಮಧ್ಯಾಹ್ನ ತನ್ನ ಮನೆಗೆ ಹೆಂಡತಿಯ ಪ್ರಿಯಕರ ಬರಲಿದ್ದಾನೆಂಬುದು ಅವನಿಗೆ ಗೊತ್ತು. ಆ ಮನುಷ್ಯ ಎದುರಿಗೆ ಕಂಡೊಡನೆ ಬ್ಲೂಮ್ ಮ್ಯೂಸಿಯಂ ಗೇಟಿನೊಳಗೆ ನುಸುಳಿಕೊಳ್ಳುತ್ತಾನೆ.

ಅದಕ್ಕೆ ತುಸು ಮುಂಚೆ ಡಾಸನ್ ಬೀದಿಯಲ್ಲಿ ಕುರುಡ ಹುಡುಗನೊಬ್ಬ ರಸ್ತೆ ದಾಟಲಾರದೆ ನಿಂತಿರುತ್ತಾನೆ. ಬ್ಲೂಮ್ ಅವನನ್ನು ಕೈಹಿಡಿದು ದಾಟಿಸುತ್ತಾನೆ. ಉಪಕಾರ ಮಾಡುತ್ತಿರುವಂತೆ ಕಾಣಬಾರದೆಂಬ ಎಚ್ಚರವೂ ಅವನಿಗಿದೆ. ಹುಡುಗ ಹೋದ ಮೇಲೆ, ಕಣ್ಣಿಲ್ಲದವರಿಗೆ ಲೋಕ ಹೇಗೆ ತಿಳಿಯುತ್ತದೋ ಎಂದು ತನ್ನದೇ ಕೂದಲು, ಕೆನ್ನೆ, ಹೊಟ್ಟೆಯ ಚರ್ಮ ಸವರಿ ನೋಡಿಕೊಳ್ಳುತ್ತಾನೆ. ಫಲಕಗಳ ಜಾಡು ಹಿಡಿದು ಹೊರಟವರಿಗೆ ಕಥೆ ಇಷ್ಟೇ. ಕರುಣೆಯ ಒಂದು ಚೆಂದದ ಚಿತ್ರ.

ಆದರೆ ಜಾಯ್ಸ್ ಆ ಹುಡುಗನನ್ನು ಅಲ್ಲಿಗೆ ಬಿಟ್ಟಿಲ್ಲ. ಹತ್ತನೆಯ ಅಧ್ಯಾಯ ‘ವಾಂಡರಿಂಗ್ ರಾಕ್ಸ್’ನ 19 ತುಣುಕುಗಳಲ್ಲಿ ಮಧ್ಯಾಹ್ನ ಮೂರರ ಹೊತ್ತಿನ ಊರು ಏಕಕಾಲಕ್ಕೆ ಕಾಣಿಸುತ್ತದೆ. ಅದರ ಒಂದು ತುಣುಕಿನಲ್ಲಿ ಫಾರೆಲ್ ಎಂಬ ವಿಕ್ಷಿಪ್ತ ದಾಪುಗಾಲಿಡುತ್ತ ಕ್ಲೇರ್ ಬೀದಿಗೆ ಬರುತ್ತಾನೆ. ದೀಪದ ಕಂಬಗಳ ಹೊರಮಗ್ಗುಲಲ್ಲೇ ನಡೆಯುವ ಈತನನ್ನು ಬ್ಲೂಮ್ ಎಂಟನೆಯ ಅಧ್ಯಾಯದಲ್ಲೇ ಬೇರೊಂದು ಬೀದಿಯಲ್ಲಿ ಕಂಡಿದ್ದ. ಈಗ ಫಾರೆಲ್‌ನ ಕೋಟಿನ ಅಂಚು ಕುರುಡ ಹುಡುಗನ ಕೋಲಿಗೆ ಬಡಿಯುತ್ತದೆ, ಬಡಕಲು ಮೈಗೂ ತಾಗುತ್ತದೆ. ಹುಡುಗ ಶಾಪ ಹಾಕುತ್ತಾನೆ. ಫಾರೆಲ್ ನಿಲ್ಲುವುದೂ ಇಲ್ಲ.

ಇದು ನಡೆಯುವುದು ಬ್ಲೂಮ್ ಎಂಬ ದಂತವೈದ್ಯನ ಕಿಟಕಿಗಳ ಮುಂದೆ. ವೈದ್ಯನಿಗೂ ನಾಯಕನಿಗೂ ಯಾವ ಸಂಬಂಧವೂ ಇಲ್ಲ. ಓದುಗ ಒಂದು ಕ್ಷಣ ಮೋಸಹೋಗುತ್ತಾನೆ: ಕೈಹಿಡಿದವನು ಇಲ್ಲೇ ಇದ್ದಾನಲ್ಲ! ಹೆಸರು ಮಾತ್ರ ಅಲ್ಲಿದೆ. ಆ ಮಧ್ಯಾಹ್ನ ನಾಯಕ ಹೆಂಡತಿಗಾಗಿ ಹಳೆಯ ಪುಸ್ತಕಗಳನ್ನು ತಿರುವಿಹಾಕುತ್ತಿದ್ದಾನೆ. ಅವನು ಬೇರೆಬೇರೆಯಾಗಿ ಕಂಡ ಇಬ್ಬರು ಅವನಿಲ್ಲದ ಕಡೆ ಡಿಕ್ಕಿಯಾದದ್ದು ಅವನಿಗೆ ತಿಳಿಯುವುದೇ ಇಲ್ಲ. ಜಾಯ್ಸ್ ಒಂದು ಮಾತಿನ ವ್ಯಾಖ್ಯಾನವನ್ನೂ ಸೇರಿಸದೆ ಮುಂದೆ ಹೋಗುತ್ತಾನೆ. ಬ್ಲೂಮ್‌ನ ಬೆನ್ನು ಹಿಡಿದು ಹೋಗುವವರಿಗೆ ಈ ಘಟನೆ ಎಂದೂ ಸಿಗದು.

ಊರು ಅಳಿದುಹೋದರೂ ತನ್ನ ಪುಸ್ತಕದಿಂದ ಮತ್ತೆ ಕಟ್ಟಬಹುದು ಎಂದು ಜಾಯ್ಸ್ ಹೇಳಿದ್ದನ್ನು ಗೆಳೆಯ ಫ್ರಾಂಕ್ ಬಜನ್ 1934ರಲ್ಲಿ ದಾಖಲಿಸಿದ. ಆ ಮಾತೇ ಈ ನಡಿಗೆಗಳಿಗೆ ಆಧಾರವಾಗಿದೆ. ಅದನ್ನು ಅಕ್ಷರಶಃ ನಂಬುವ ವಿಮರ್ಶಕರು ಪುಟಗಳನ್ನು ತೆರೆದು ನೋಡಲಿ. ಕಟ್ಟಡಗಳ ವರ್ಣನೆ ಅಲ್ಲಿ ತೀರಾ ಕಡಿಮೆ. ಇರುವುದು ಅಂಗಡಿ, ಬೀದಿ, ಮನುಷ್ಯರ ಹೆಸರುಗಳು. 1912ರ ನಂತರ ಡಬ್ಲಿನ್‌ಗೆ ಕಾಲಿಡದ ಜಾಯ್ಸ್ ಅವುಗಳಲ್ಲಿ ಎಷ್ಟನ್ನೋ ಥಾಮ್ಸ್ ಎಂಬ ವಿಳಾಸ ಡೈರೆಕ್ಟರಿಯಿಂದ ತೆಗೆದುಕೊಂಡ. ಆ ಹೆಸರುಗಳನ್ನು ನಂಬಿ ಇಟ್ಟಿಗೆ ಜೋಡಿಸಲಾಗದು. ‘ವಾಂಡರಿಂಗ್ ರಾಕ್ಸ್’ ಬರೆಯುವಾಗ ಅವನ ಮುಂದೆ ಕೆಂಪು ಶಾಯಿಯಲ್ಲಿ ದಾರಿ ಗುರುತಿಸಿದ ನಕ್ಷೆಯಿತ್ತು ಎನ್ನುವವನೂ ಬಜನ್‌ನೇ. ಮುಂದೆ ವಿದ್ವಾಂಸ ಕ್ಲೈವ್ ಹಾರ್ಟ್ ಆ ದಾರಿಗಳನ್ನು ನಡೆದು ಅಳೆದು, ನಿಮಿಷಗಳ ಪಟ್ಟಿ ಮಾಡಿದ. ಬಹಳ ಬೆಲೆಯುಳ್ಳ ಶ್ರಮ ಅದು. ಆದರೆ ಪಟ್ಟಿಯನ್ನು ಜಾಯ್ಸ್‌ನ ನಿಖರತೆಗೆ ಪ್ರಮಾಣಪತ್ರವೆಂದು ಹಿಡಿದವರು ಅದರ ಉಪಯೋಗವನ್ನೇ ಮರೆತರು. ಒಂದೇ ಗಳಿಗೆಯಲ್ಲಿ ಯಾರು ಯಾರಿಗೆ ಕಾಣಲಿಲ್ಲ ಎಂಬುದನ್ನು ತಿಳಿಯಲು ಆ ನಿಮಿಷಗಳು ಬೇಕು.

ಬ್ಲೂಮ್ಸ್‌ಡೇ ಬರೀ ಪ್ರವಾಸೋದ್ಯಮವೆಂದು ಮೂಗು ಮುರಿಯುವವರೂ ಇದ್ದಾರೆ. ಆ ಸಿಡುಕು ಸಲ್ಲದು. ಸ್ವೆನಿ ಅಂಗಡಿಯಲ್ಲಿ ಸ್ವಯಂಸೇವಕರು ನಡೆಸುವ ಓದು ನಿಜವಾದ ಓದೇ. ತಕರಾರಿರುವುದು ನಡಿಗೆಯ ವಿಧಾನದ ಬಗ್ಗೆ.

ಗೆಳೆಯರು ನಾಲ್ವರಿದ್ದರೆ ಮೂರಕ್ಕೆ ಐದು ನಿಮಿಷ ಇರುವಾಗ ಚದುರಲಿ. ಒಬ್ಬ ಗಾರ್ಡಿನರ್ ಬೀದಿಯಿಂದ ಹತ್ತನೆಯ ಅಧ್ಯಾಯದ ಪಾದ್ರಿ ಕಾನ್ಮೀಯ ಜಾಡಿನಲ್ಲಿ ನ್ಯೂಕಮನ್ ಸೇತುವೆಯತ್ತ ಹೋಗಲಿ, ಒಬ್ಬ ಆರ್ಮಂಡ್ ಕೀಯಲ್ಲಿ ವೈಸ್‌ರಾಯ್ ಮೆರವಣಿಗೆ ಹಾದ ನದಿದಂಡೆ ನೋಡಲಿ, ಒಬ್ಬ ಬ್ಲೂಮ್ ಪುಸ್ತಕ ತಿರುವಿದ ಮರ್ಚಂಟ್ಸ್ ಆರ್ಚ್ ಕೆಳಗೆ ನಿಲ್ಲಲಿ, ಇನ್ನೊಬ್ಬ ಕ್ಲೇರ್ ಬೀದಿಗೆ ಹೋಗಲಿ. ಫೋನುಗಳು ಜೇಬಿನಲ್ಲೇ ಇರಲಿ. ನಾಲ್ಕರ ನಂತರ ಒಂದೆಡೆ ಕೂತು ತಾವು ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿ, ಆಮೇಲೆ ಹತ್ತನೆಯ ಅಧ್ಯಾಯ ತೆರೆಯಲಿ.