ಸಂಗೀತದ ಸಿ. ಡಿ.ಗಳೂ ಅವುಗಳ ಪ್ರತಿಗಳೂ: ಒಂದು ಆಕರ ವಿಮರ್ಶೆ

ಓಲೆಯ ಪ್ರತಿಯೊಂದನ್ನು ನಕಲು ಮಾಡಿಕೊಂಡ ಬಳಿಕ ಮೂಲವನ್ನು ಹೊಳೆಗೆ ಬಿಡುವುದು ಅವಿವೇಕವೆಂದು ನಮ್ಮ ವಿದ್ಯಾರ್ಥಿಗಳಿಗೆ ಮೊದಲನೆಯ ವರ್ಷದಲ್ಲಿಯೇ ಹೇಳಿಕೊಡುತ್ತೇವೆ. ಆದರೆ ಸಂಗೀತದ ಸಿ. ಡಿ.ಗಳನ್ನು ಗಣಕಯಂತ್ರದ ಕಡತಗಳನ್ನಾಗಿ ಪರಿವರ್ತಿಸುವ ಕಾರ್ಯದಲ್ಲಿ ವಿದ್ಯಾವಂತರೂ ಈ ಎಚ್ಚರವನ್ನು ಮರೆಯುತ್ತಿರುವರು. ನನಗೆ ಪರಿಚಿತವಾದ ಒಂದು ಗ್ರಂಥಭಂಡಾರದಲ್ಲಿ ಕರ್ನಾಟಕ ಸಂಗೀತದ ಸಿ. ಡಿ.ಗಳನ್ನೆಲ್ಲ ಎಂಪಿ೩ ರೂಪಕ್ಕೆ ತಂದು, ಬಿಲ್ಲೆಗಳನ್ನೂ ಅವುಗಳೊಡನಿದ್ದ ಪುಸ್ತಿಕೆಗಳನ್ನೂ ರದ್ದಿಗೆ ಹಾಕಿದರು. ಇಂಥ ಪ್ರತಿಗಳು ಚರಿತ್ರೆಯ ಆಕರಗಳಾಗಿ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹವೆಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲು ಬಿಲ್ಲೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿಯಬೇಕು. ೧೯೮೨ರಲ್ಲಿ ಪೇಟೆಗೆ ಬಂದ ಸಿ. ಡಿ.ಯು ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ೧೬ ಬಿಟ್ಟುಗಳಲ್ಲಿ ದಾಖಲಿಸುತ್ತದೆ. ಹಾಡುಗಳು ಎಲ್ಲಿ ಆರಂಭವಾಗುವುವೆಂಬ ಪಟ್ಟಿಯೂ ಅದರಲ್ಲುಂಟು. ಹಾಡಿದವರ ಹೆಸರು ಮಾತ್ರ ಇಲ್ಲ! ಹೆಸರುಗಳನ್ನು ಸೇರಿಸುವ ಏರ್ಪಾಡು ೧೯೯೬ರಲ್ಲಿ ಬಂದಿತಾದರೂ ಅದನ್ನು ಬಳಸಿದ ಪ್ರಕಾಶಕರು ವಿರಳ.

ಇದಕ್ಕಿಂತ ಎಂಬತ್ತು ವರ್ಷ ಹಿಂದಿನ ತಂತ್ರವನ್ನು ಇದರೊಡನೆ ಹೋಲಿಸಿ ನೋಡುವುದು ಉಚಿತ. ೧೯೦೨ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನರ ಹಾಡುಗಳನ್ನು ಮುದ್ರಿಸಿಕೊಂಡಾಗ, ತಟ್ಟೆಗಳನ್ನು ಒತ್ತುವ ಕೆಲಸ ನಡೆಯುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕುಶಲಕರ್ಮಿಗಳಿಗೆ ಗುರುತು ಸಿಕ್ಕಲೆಂದು ಗಾಯಕಿಯು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಘೋಷಿಸುತ್ತಿದ್ದರು. ಮುಂದೆ ಮೈಸೂರಿಗೆ ಬಂದು ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡ ಆ ಗಾಯಕಿಯ ತಟ್ಟೆಯು ತನ್ನ ಸಾಕ್ಷ್ಯವನ್ನು ತನ್ನೊಳಗೇ ಹೊತ್ತಿದೆ. ಅದರ ಮರುಮುದ್ರಣದಿಂದ ಕಡತ ಮಾಡುವವನು ಆ ಘೋಷಣೆಯನ್ನು ಅನಾವಶ್ಯಕವೆಂದು ಕತ್ತರಿಸಿದನಾದರೆ ಹಾಳಾಗುವುದು ಸಂಗೀತವಲ್ಲ, ದಾಖಲೆ.

ಹಾಗಾದರೆ ಕಡತಗಳಿಗೆ ಹೆಸರು ಬರುವುದು ಎಲ್ಲಿಂದ? ಅಂತರಜಾಲದ ಕೋಶಗಳಿಂದ. ಹಾಡುಗಳ ಆರಂಭಸ್ಥಾನಗಳನ್ನು ಲೆಕ್ಕಹಾಕಿ ಬಿಲ್ಲೆಯನ್ನು ಗುರುತಿಸಿ, ಹಿಂದೆ ಯಾರೋ ಬರೆದಿಟ್ಟ ಹೆಸರುಗಳನ್ನು ತಂದು ಅಂಟಿಸುವುದು ಇಲ್ಲಿನ ಕ್ರಮ. ಹಳೆಯ ಪದ್ಧತಿಯಲ್ಲಿ ಎರಡು ಬೇರೆ ಬಿಲ್ಲೆಗಳಿಗೆ ಒಂದೇ ಸಂಖ್ಯೆ ಬೀಳುವುದೂ ಉಂಟು. ಈ ಕೋಶಗಳಲ್ಲಿ ಫ್ರೀಡಿಬಿ ೨೦೨೦ರಲ್ಲಿ ಮುಚ್ಚಿಹೋಯಿತು. ೨೦೦೦ರಲ್ಲಿ ಆರಂಭವಾದ ಮ್ಯೂಸಿಕ್‌ಬ್ರೇನ್ಜ್ ನಡೆಯುತ್ತಿದೆ. ಬರೆದವರು ಉತ್ಸಾಹಿಗಳೇ ಹೊರತು ಎಲ್ಲರೂ ಬಲ್ಲವರಲ್ಲ. ತೋಡಿ ರಾಗದ ಹೆಸರೊಂದೇ ರೋಮನ್ ಲಿಪಿಯಲ್ಲಿ ಎರಡು ಬಗೆಯಾಗಿ ಬರುವುದರಿಂದ, ಒಂದನ್ನು ಹುಡುಕಿದವನಿಗೆ ಇನ್ನೊಂದು ದೊರೆಯುವುದಿಲ್ಲ. ಅದಕ್ಕಿಂತ ದೊಡ್ಡ ದೋಷವೆಂದರೆ, ಕಲಾವಿದ, ಸಂಪುಟ, ಹಾಡು ಎಂಬ ಮೂರು ಅಂಕಣಗಳೇ ಪಾಶ್ಚಾತ್ಯ ಜನಪ್ರಿಯ ಗೀತೆಗಳಿಗೆ ಹೊಂದಿದವು. ರಾಗ, ತಾಳ, ವಾಗ್ಗೇಯಕಾರ, ಪಕ್ಕವಾದ್ಯದವರು, ಇವರಿಗೆಲ್ಲ ಅಲ್ಲಿ ಸಹಜವಾದ ಸ್ಥಾನವಿಲ್ಲ. ಇವು ಇದ್ದುದು ಪುಸ್ತಿಕೆಯಲ್ಲಿ. ಮೇಲೆ ಹೇಳಿದ ಭಂಡಾರದಲ್ಲಿ ಒಂದು ಕಚೇರಿಗೆ ಪಿಟೀಲು ನುಡಿಸಿದವರಾರೆಂದು ತಿಳಿಯಲು ಇಬ್ಬರು ಹಿರಿಯ ರಸಿಕರನ್ನು ಕರೆಸಬೇಕಾಯಿತು. ಇಬ್ಬರೂ ನಿಸ್ಸಂದೇಹವಾಗಿ ಗುರುತಿಸಿದರು, ಬೇರೆ ಬೇರೆ ಹೆಸರುಗಳಿಂದ.

ಇನ್ನು ಪಾಠಶುದ್ಧಿಯ ಮಾತು. ಬಿಲ್ಲೆಯ ಮೇಲೆ ಗೀರು ಬಿದ್ದು ಕೆಲವು ಅಳತೆಗಳು ಓದಲಾಗದಂತೆ ನಷ್ಟವಾದರೆ, ಯಂತ್ರವು ಅಕ್ಕಪಕ್ಕದ ಅಳತೆಗಳಿಂದ ಊಹಿಸಿ ತೆರವನ್ನು ತುಂಬಿಬಿಡುತ್ತದೆ. ಶಾಸನವನ್ನು ಪ್ರಕಟಿಸುವವರು ಸವೆದ ಅಕ್ಷರಗಳನ್ನು ಊಹಿಸಿದಾಗ ಕಂಸದೊಳಗಿಟ್ಟು ತೋರಿಸುವರು; ಈ ಯಂತ್ರಲಿಪಿಕಾರನಿಗೆ ಆ ಸೌಜನ್ಯವಿಲ್ಲ. ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶಗಳು ಒಂದೇ ಭಾಗವನ್ನು ಮತ್ತೆ ಮತ್ತೆ ಓದಿ, ಪಾಠಗಳನ್ನು ತಾಳೆನೋಡಿ, ಸಂದೇಹಾಸ್ಪದ ಸ್ಥಳಗಳನ್ನು ವರದಿಯಲ್ಲಿ ನಮೂದಿಸುತ್ತವೆ. ಸಂಶೋಧಕನಿಗೆ ಈ ವರದಿಯು ಕಡತದಷ್ಟೇ ಮುಖ್ಯ. ಆದರೂ ಅದನ್ನು ಉಳಿಸಿಡುವವರನ್ನು ನಾನು ಕಂಡುದು ಕಡಮೆ.

ಎಂಪಿ೩ ರೂಪವು ಕಿವಿಗೆ ಕೇಳಿಸದೆಂದು ಎಣಿಸಿದ ಅಂಶಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟುದನ್ನು ಮರಳಿ ಪಡೆಯಲಾಗದು. ಮನೆಯಲ್ಲಿ ಕೇಳುವುದಕ್ಕೆ ಇದರಿಂದ ಹೆಚ್ಚಿನ ಬಾಧಕವಿಲ್ಲವೆಂಬುದನ್ನು ಒಪ್ಪೋಣ. ತಂಬೂರಿಯ ಅನುಸ್ವರಗಳನ್ನು ಅಳೆಯಹೊರಟವನಿಗೆ ಮಾತ್ರ ಅದು ಸಂಗ್ರಹಾನುವಾದವನ್ನೇ ಮೂಲವೆಂದು ಓದಿದಂತೆ. ರಾಗ, ತಾನ, ಪಲ್ಲವಿಗಳು ಬೇರೆ ಬೇರೆ ಕಡತಗಳಾದಾಗ ನಡುವೆ ಇಲ್ಲದ ಮೌನವೊಂದು ನುಸುಳುವುದೂ ಉಂಟು. ೨೦೦೧ರಲ್ಲಿ ಬಂದ ಫ್ಲ್ಯಾಕ್ ರೂಪದಲ್ಲಾದರೋ ಒಂದು ಬಿಟ್ಟೂ ಲೋಪವಾಗುವುದಿಲ್ಲ.

ಕಡತಗಳೇ ಬೇಡವೆಂಬುದು ನನ್ನ ವಾದವಲ್ಲ. ಬಿಲ್ಲೆಗಳೂ ಕೆಡುವುವು, ಮನೆಯಲ್ಲಿ ಬರೆದ ಬಿಲ್ಲೆಗಳಂತೂ ಕಾರ್ಖಾನೆಯಲ್ಲಿ ಒತ್ತಿದವುಗಳಿಗಿಂತ ಬೇಗ ಕೆಡುವುವು. ಪ್ರತಿ ಮಾಡುವುದು ಅವಶ್ಯವೇ. ಸ್ಥಳ ಸಾಲದೆಂಬ ನೆವ ೧೯೯೦ರ ದಶಕದಲ್ಲಿ ನಿಜವಾಗಿತ್ತು. ಒಂದು ಗಂಟೆಯ ಸಂಗೀತಕ್ಕೆ ಸುಮಾರು ೬೩೫ ಮೆಗಾಬೈಟು ಬೇಕು. ಫ್ಲ್ಯಾಕಿನಲ್ಲಿ ಹೆಚ್ಚುಕಡಮೆ ಅದರ ಅರ್ಧ. ಇಂದಿನ ಸಾಧಾರಣ ಸಂಗ್ರಾಹಕದಲ್ಲಿ ಅಂಥವು ಸಾವಿರಾರು ಹಿಡಿಯುವುವು. ಪುಸ್ತಿಕೆಯ ಹನ್ನೆರಡು ಪುಟಗಳ ಚಿತ್ರ ತೆಗೆದು ಅದೇ ಕೋಶದಲ್ಲಿರಿಸಲು ಹತ್ತು ನಿಮಿಷ ಸಾಕು.